ಅಂಟುವಾಳದ ನೊರೆ, ಮಗಳ ಮಸಿ

ಕರೇದೊಡ್ಡಿ, ಕೋಸಗಿ ಮಂಡಲ, ಕರ್ನೂಲು ಜಿಲ್ಲೆ
18 ಜನವರಿ 2024

ಮಗಳು ಶಿರೀಷಾಳಿಗೆ ಅವ್ವ ಉಚ್ಚಮ್ಮನ ಆಶೀರ್ವಾದ.

ಇಲ್ಲಿ ನಾನು, ಮನೆ, ಮುದಿ ನಾಯಿ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ಕುಂಟ ಟಗರೊಂದೇ. ಹಿಂಡಿನ ಜೊತೆ ಹೋಗಲಾಗದೆ ನನ್ನ ಪಾಲಿಗೆ ಉಳಿದಿದೆ, ಆ ಸಿಟ್ಟಿಗೆ ಹೊತ್ತುಗೊತ್ತಿಲ್ಲದೆ ಬಾಗಿಲಿಗೆ ಗುದ್ದುತ್ತದೆ. ನಿಮ್ಮಪ್ಪ ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಹೋದವನು ಇನ್ನೂ ಬಂದಿಲ್ಲ. ಮನೆಗಿದ್ದ ಒಂದು ಫೋನು ಅವನ ಜೇಬಿನಲ್ಲಿದೆ. ಇದ್ದಿದ್ದರೂ ನಾನು ಕಾಗದವನ್ನೇ ಬರೆಯುತ್ತಿದ್ದೆ. ಹೋದ ಸಲ ಮಾತಿನ ನಡುವೆ ನೀನು ಫೋನು ಕಟ್ ಮಾಡಿದೆ. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ, ಕೊನೆತನಕ ಓದಲೇಬೇಕು.

ನಿನ್ನ ಪಿಎಚ್.ಡಿ. ಗುರುಗಳು ಉದಯಕುಮಾರ್ ಸಾರ್ ಸಂಕ್ರಾಂತಿಯ ಮಾರನೆಯ ದಿನ ಕಾರು ಮಾಡಿಕೊಂಡು ಬಂದಿದ್ದರು. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ. ನಾನು ಅಂಗಳಕ್ಕೆ ಸಗಣಿ ಸಾರಿಸಿ, ಚಾಪೆ ಹಾಸಿದರೆ ಕೂರಲಿಲ್ಲ. ನಿಂತೇ ಚಹಾ ಕುಡಿದರು. ಆ ಕ್ಯಾಮೆರಾದವನು ಏನು ಮಾಡಿದ ಗೊತ್ತೇ? ತೊಳೆದು, ಒಣಗಿಸಿ, ಹಿಂಜಲು ಇಟ್ಟಿದ್ದ ಉಣ್ಣೆಯನ್ನು ಎಳೆದು ತಂದು ಮಣ್ಣಿನಲ್ಲಿ ಹೊರಳಿಸಿದ!

"ಅಮ್ಮಾ, ಇಪ್ಪುಡು ಕಡಗಂಡಿ. ನುರುಗು ಬಾಗಾ ರಾವಾಲಿ," ಅಂದ. ಈಗ ತೊಳೀರಿ, ನೊರೆ ಚೆನ್ನಾಗಿ ಬರಬೇಕು ಅಂತ.

"ಯಪ್ಪಾ, ಇದು ತೊಳ್ದಿದ್ದ ಉಣ್ಣಿ ಐತಿ. ನಿಮ್ಮ ಅಂಗಿ ಒಗದು ಒಣ ಹಾಕಿದ್ರ ನಾನು ಕೆಸರಾಗ ಅದ್ದಲೇನು?" ಅಂದೆ. ಪಕ್ಕದ ಮನೆಯ ದಸ್ತಗಿರಮ್ಮ ಹಿಂಜುತ್ತಿದ್ದ ಹತ್ತಿ ಬಿಟ್ಟು ಬಂದವಳು ಬಿದ್ದು ಬಿದ್ದು ನಕ್ಕಳು. ನಿನ್ನ ಗುರುಗಳೆಂಬ ಒಂದೇ ಕಾರಣಕ್ಕೆ ಮತ್ತೆ ಅಂಟುವಾಳ ಜಜ್ಜಿ, ನೀರಿಗೆ ಹಾಕಿ, ಮೊಣಕೈತನಕ ನೊರೆ ಬರಿಸಿ ತೊಳೆದೆ.

ಹೊತ್ತು ಮುಳುಗುವ ವೇಳೆ. ಸಾರ್ ನನ್ನ ಮುಂದೆ ಕ್ಯಾಮೆರಾ ಹಿಡಿಸಿ, ಊರ ಮಂದಿಯೆಲ್ಲ ಕೇಳುವ ಹಾಗೆ, "ನಿಮ್ಮ ಮಗಳು ಭಾಳ ಶಾಣ್ಯಾಕಿ ಅದಾಳ್ರಿ. ನಮ್ಮ ಲ್ಯಾಬಿನಾಗ ಅಂಥಾಕಿ ಇನ್ನೊಬ್ಬಾಕಿ ಇಲ್ಲ. ಇದನ್ನೆಲ್ಲ ಎಲ್ಲಿ ಕಲಿತಾಳ್ರಿ?" ಅಂದರು. ಮೂರುಸಂಜೆ, ಅಷ್ಟೊಂದು ಕಣ್ಣು, ಅದರ ಮೇಲೆ ಕ್ಯಾಮೆರಾದ ಕಣ್ಣು! ಆದರೆ ನಿಮ್ಮವ್ವ ಹುಷಾರು. ತಟ್ಟನೆ ಅಂದೆ: "ಆಕಿಗೇನು ಗೊತ್ತೈತ್ರಿ ಸಾರ್? ದಡ್ಡಿ ಅದಾಳ. ನಾವು ಮನ್ಯಾಗ ಉಣ್ಣಿ ತೊಳಿಯೋದು ನೋಡಿ ಒಂದೀಟು ಕಲ್ತಾಳ. ಆಕಿದು ಅಂತ ಏನೂ ಇಲ್ಲ, ಎಲ್ಲಾ ನಮ್ಮದ."

ಹೋದ ವರ್ಷ ಆಸ್ಪರಿಯ ವ್ಯಾಪಾರಿ ನಮ್ಮ ಟಗರನ್ನು "ಎಂಥಾ ಟಗರಪ್ಪಾ ಇದು!" ಅಂದು ಹೋಗಿದ್ದ. ವಾರದೊಳಗೆ ಕಾಲು ಹೋಯಿತು. ಟಗರಿಗೇ ಹಾಗಾದರೆ ನನ್ನ ಮಗಳಿಗೆ? ದೃಷ್ಟಿ ಹೇಗೆ ತಪ್ಪಿಸಿದೆ ನೋಡು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಉಚ್ಚಮ್ಮ


ಹೈದರಾಬಾದ್
2 ಫೆಬ್ರವರಿ 2024

ಅವ್ವನಿಗೆ ಶಿರೀಷಾಳ ನಮಸ್ಕಾರ.

ಸಾರ್ ನಮ್ಮೂರಿಗೆ ಹೋಗಿದ್ದು ನಿನ್ನ ಕಾಗದ ಓದಿಯೇ ನನಗೆ ಗೊತ್ತಾಯಿತು. ಕರ್ನೂಲಿನಲ್ಲಿ ಮೀಟಿಂಗ್ ಇದೆ ಎಂದು ನನ್ನ ಹತ್ತಿರ ಹೇಳಿ ಹೋಗಿದ್ದರು. ನನ್ನನ್ನು ಬಿಟ್ಟು ನನ್ನ ಮನೆಗೆ ಯಾಕೆ ಹೋದರು? ಅಂಟುವಾಳದ ನೊರೆಯನ್ನೇ ಕ್ಯಾಮೆರಾದಲ್ಲಿ ಯಾಕೆ ತೆಗೆಸಿಕೊಂಡರು?

ಲ್ಯಾಬಿನಲ್ಲಿ ಏನು ಮಾಡುತ್ತೀ ಎಂದು ನೀನು ಪ್ರತಿ ಸಲ ಕೇಳುತ್ತೀ, ನಾನು ಪ್ರತಿ ಸಲ ಆಮೇಲೆ ಹೇಳುತ್ತೇನೆ ಎನ್ನುತ್ತೇನೆ. ಈಗ ಹೇಳುತ್ತೇನೆ. ಇಂಗಾಲದ ಕೊಳವೆಗಳೆಂದು ಇವೆ, ನಾವು ಕಾರ್ಬನ್ ನ್ಯಾನೊಟ್ಯೂಬ್ ಅನ್ನುತ್ತೇವೆ. ಕುರಿಯ ಒಂದು ಕೂದಲನ್ನು ಉದ್ದಕ್ಕೆ ಸಾವಿರಾರು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ ಅಷ್ಟು ತೆಳು. ಕಣ್ಣಿಗೆ ಬರೀ ಮಸಿ. ಆದರೆ ಅವುಗಳಲ್ಲಿ ಕರೆಂಟು ಹರಿಯುತ್ತದೆ. ಹತ್ತಿ ನೂಲಿಗೆ ಸಮನಾಗಿ ಬಳಿದರೆ ನೂಲೇ ತಂತಿಯಾಗುತ್ತದೆ. ಎಮ್ಮಿಗನೂರಿನ ಮಗ್ಗದಲ್ಲಿ ಅದನ್ನು ನೇಯಬಹುದು, ಆ ಬಟ್ಟೆಯನ್ನು ರೋಗಿಯ ಎದೆಗೆ ಕಟ್ಟಿ ಉಸಿರಾಟ ಅಳೆಯಬಹುದು.

ತೊಂದರೆ ಏನೆಂದರೆ, ಸಮನಾಗಿ ಬಳಿಯಬೇಕಾದರೆ ಅವು ನೀರಿನಲ್ಲಿ ಬಿಡಿಬಿಡಿಯಾಗಿ ಇರಬೇಕು. ಅವು ಇರುವುದಿಲ್ಲ. ಮಟಮಟ ಮಧ್ಯಾಹ್ನ ಬಯಲಿನಲ್ಲಿ ನಮ್ಮ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ಗುಂಪುಗಟ್ಟಿ ನಿಲ್ಲುತ್ತವಲ್ಲ, ಹಾಗೆ. ಅಪ್ಪ ಬೈದರೂ ಬಡಿದರೂ ಅಲುಗುತ್ತವೆಯೇ? ನಮ್ಮಲ್ಲಿ ಜೋರಾಗಿ ನಡುಗಿಸುವ ಯಂತ್ರವಿದೆ. ಅದು ಬಿಡಿಸುತ್ತದೆ, ನಿಲ್ಲಿಸಿದರೆ ಮತ್ತೆ ಗುಂಪಾಗುತ್ತವೆ. ಅದಕ್ಕೆ ಸೋಪಿನ ಜಾತಿಯ ವಸ್ತು ಬೇಕು. ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ. ಅದರ ಒಂದು ತುದಿ ಕೊಳವೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಒಂದೊಂದು ಕುರಿಗೂ ಒಬ್ಬೊಬ್ಬ ಕುರುಬನನ್ನು ಕೊಟ್ಟ ಹಾಗೆ.

ನಿಜ ಹೇಳಲೇ? ಎಲ್ಲಕ್ಕಿಂತ ಮೊದಲು ನಾನು ಹಾಕಿ ನೋಡಿದ್ದು ನಿನ್ನ ಅಂಟುವಾಳವನ್ನೇ. ಊರಿಂದ ತಂದ ಚೀಲ ಹಾಸ್ಟೆಲಿನಲ್ಲಿತ್ತು, ನಿನ್ನ ನೆನಪೂ ಇತ್ತು. ನೊರೆ ಬಂತು. ಕೊಳವೆಗಳೂ ಸ್ವಲ್ಪ ಬಿಟ್ಟುಕೊಂಡವು. ಆಮೇಲೆ ನೀರು ಹುಳಿಯಿತು, ಬೂಷ್ಟು ಬಂತು, ಮಸಿಯೆಲ್ಲ ತಳ ಸೇರಿತು. ಕೊನೆಗೆ ಕೈಹಿಡಿದದ್ದು ಬಟ್ಟೆ ಸೋಪಿನ ಪುಡಿಯಲ್ಲಿ ಇರುವಂಥದೇ ಒಂದು ವಸ್ತುವಿನ ಶುದ್ಧ ರೂಪ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಕಂಡುಕೊಂಡದ್ದು ಅದನ್ನು ಹಾಕುವ ಬಗೆ. ಎಲ್ಲ ಒಂದೇ ಸಲ ಸುರಿದರೆ, ಹೆಚ್ಚು ಸುರಿದರೆ, ಬಿಟ್ಟ ಕೊಳವೆಗಳು ಮತ್ತೆ ಒಂದಾಗುತ್ತವೆ. ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು, ಯಂತ್ರ ನಡೆಯುತ್ತಿರುವಾಗಲೇ, ತಬ್ಬಲಿ ಮರಿಗೆ ಹಾಲು ಕುಡಿಸಿದ ಹಾಗೆ ಗುಟುಕು ಗುಟುಕಾಗಿ ಕೊಡಬೇಕು. ಒಂದು ಗುಟುಕು ಹಿಡಿದುಕೊಂಡ ಮೇಲೆ ಇನ್ನೊಂದು. ಎಷ್ಟು ಗುಟುಕು, ಎಷ್ಟು ಬಿಡುವು ಎಂದು ಕಂಡುಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ದೀಪಾವಳಿಗೆ ಮಾಡಿಟ್ಟ ಬಾಟಲಿ ಇವತ್ತಿಗೂ ಹಾಗೇ ಇದೆ. ತಳದಲ್ಲಿ ಒಂದು ಕಾಳಿಲ್ಲ.

ಅವ್ವಾ, ಕ್ಯಾಮೆರಾದ ಮುಂದೆ ಹೇಳಿದ ಮಾತು ಅಷ್ಟೇ ತಾನೇ? ಬೇರೇನೂ ಹೇಳಲಿಲ್ಲ ತಾನೇ?

ನಿನ್ನ ಮಗಳು,
ಶಿರೀಷಾ


ಕರೇದೊಡ್ಡಿ
3 ಮಾರ್ಚ್ 2024

ಮಗಳು ಶಿರೀಷಾಳಿಗೆ,

ಅಷ್ಟೇ ಹೇಳಿದ್ದು. ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೇನೆ.

ಪೇಪರಿನಲ್ಲಿ ನನ್ನ ಫೋಟೋ ಬಂದಿದೆ. ನಿನಗೆ ತಲುಪಿರಬೇಕು, ನೀನು ಮಾತ್ರ ಒಂದು ಸಾಲು ಬರೆಯಲಿಲ್ಲ. ಆದೋನಿಯ ಹತ್ತಿ ವ್ಯಾಪಾರಿ ಹಾಲಸ್ವಾಮಿ ಸಾವುಕಾರರು ಅದನ್ನು ಕಟ್ಟು ಹಾಕಿಸಿ ತಮ್ಮ ಜಿನ್ನಿಂಗ್ ಮಿಲ್ಲಿನ ಗೋಡೆಗೆ ತೂಗುಹಾಕಿದ್ದಾರಂತೆ. ಆದೋನಿಯಲ್ಲಿ ಸಭೆ ಕರೆದು ನನಗೆ ಶಾಲು ಹೊದಿಸುತ್ತಾರಂತೆ. ಊರಿನಲ್ಲಿ ನಡೆದಾಡಲು ಬಿಡುವುದಿಲ್ಲ. "ಏನ್ರೀ ಕುಂಕುಡು ಸೈಂಟಿಸ್ಟಮ್ಮ, ನೀರಿಗೆ ಹೊಂಟ್ರೇನ್ರಿ?" ಅನ್ನುತ್ತಾರೆ. ನಮ್ಮ ಅಂಟುವಾಳ ಈಗ ಎಲ್ಲರ ಬಾಯಲ್ಲೂ ತೆಲುಗಿನ ಕುಂಕುಡು. ದಸ್ತಗಿರಮ್ಮ, "ಅರೆ, ಇಷ್ಟು ದಿನ ನಿನ್ನ ಕೈಯಾಗ ಸೋಪಿನಕಾಯಿ ಐತಿ ಅಂತಿದ್ದೆ, ಕರೆಂಟು ಐತಲ್ಲ ಬೇ! ಮುಟ್ಟಂಗಿಲ್ಲ ಇನ್ನ," ಅನ್ನುತ್ತಾಳೆ.

ಪೇಪರಿನಲ್ಲಿರುವುದು ತೆಲುಗು, ನನಗೆ ಓದಲು ಬರುವುದಿಲ್ಲ. ಒಳ್ಳೆಯದನ್ನೇ ಬರೆದಿರುತ್ತಾರೆ ಅಂದುಕೊಂಡಿದ್ದೇನೆ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಕರೆದು ಕೂರಿಸಿ ಶಾಲು ಹೊದಿಸಿದವರಿಲ್ಲ. ಅವ್ವನ ಸಂತೋಷಕ್ಕೆ ಮಗಳಿಗೆ ಹೊಟ್ಟೆಕಿಚ್ಚೇ?

ಉಚ್ಚಮ್ಮ


ಹೈದರಾಬಾದ್
12 ಮಾರ್ಚ್ 2024

ಅವ್ವಾ,

ಪೇಪರಿನಲ್ಲಿ ಏನಿದೆ ಎಂದು ನಾನೇ ಕನ್ನಡದಲ್ಲಿ ಹೇಳುತ್ತೇನೆ. ದಸ್ತಗಿರಮ್ಮನನ್ನೂ ಕೂರಿಸಿಕೊಂಡು ಓದು.

"ವಿಜ್ಞಾನಿಗಳಿಗೆ ಬಗೆಹರಿಯದ ಗಂಟನ್ನು ಕುರುಬರ ಹೆಂಗಸೊಬ್ಬಳ ಅಂಟುವಾಳ ಬಿಡಿಸಿತು. ಹಳ್ಳಿಯ ತಿಳಿವಳಿಕೆಯನ್ನು ಗುರುತಿಸಿ ಲ್ಯಾಬಿಗೆ ತಂದವರು ಪ್ರೊಫೆಸರ್ ಉದಯಕುಮಾರ್." ಇಷ್ಟು. ನಿನ್ನ ಮಗಳ ಹೆಸರು ಎಲ್ಲೂ ಇಲ್ಲ.

ಪೇಪರ್ ಹೋಗಲಿ ಬಿಡು, ನಾಳೆ ಅದರಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟುತ್ತಾರೆ. ನಮ್ಮ ಕೆಲಸದ ಬಗ್ಗೆ ದೊಡ್ಡ ವಿಜ್ಞಾನ ಪತ್ರಿಕೆಯೊಂದಕ್ಕೆ ಲೇಖನ ಹೋಗಿದೆ. ಅದನ್ನು ಬರೆದವರು ಎಂದು ಸಾರ್ ಹೆಸರು, ಅವರ ಗೆಳೆಯರೊಬ್ಬರ ಹೆಸರು. ಆ ಗೆಳೆಯರು ನನ್ನ ಯಂತ್ರದ ಕೋಣೆಯ ಬಾಗಿಲನ್ನೂ ನೋಡಿದವರಲ್ಲ. ಕೊನೆಯಲ್ಲಿ ಕೃತಜ್ಞತೆ: ಮೊದಲು ನೀನು. ಆಮೇಲೆ, "ಬಾಟಲಿಗಳನ್ನು ಸಿದ್ಧಪಡಿಸಿದ ವಿದ್ಯಾರ್ಥಿನಿ ಶಿರೀಷಾ." ಅಂದರೆ ಬಾಟಲಿ ತೊಳೆದವಳು ನಾನು!

ಸಾರ್ ಮುಂದೆ ನಿಂತು ಕೇಳಿದೆ. "ಅಂಟುವಾಳ ಕೆಲಸ ಮಾಡಲಿಲ್ಲ ಸಾರ್, ನಿಮಗೂ ಗೊತ್ತು." ಅದಕ್ಕೆ ಅವರು, "ಸ್ವಲ್ಪ ಕೆಲಸ ಮಾಡ್ತಲ್ಲಮ್ಮಾ. ಜನಕ್ಕೆ ಕಥೆ ಬೇಕು. ನಿಮ್ಮ ತಾಯಿಗೇ ಹೆಸರು ಬಂದಿದೆ, ನಿನಗ್ಯಾಕೆ ಬೇಜಾರು?" ಅಂದರು. ಡಿಗ್ರಿ ಕಮಿಟಿಗೆ ಹೋದೆ. ನನ್ನ ದಾಖಲೆ, ನನ್ನ ಫೋಟೋ, ನನ್ನ ಬಾಟಲಿ ಎಲ್ಲ ಒಯ್ದೆ. ಸಾರ್ ಲ್ಯಾಪ್‌ಟಾಪ್ ತೆರೆದು ನಿನ್ನ ವಿಡಿಯೋ ಹಾಕಿದರು. ನೊರೆಯ ನಡುವೆ ಕೂತು ನೀನು ಹೇಳುತ್ತಿದ್ದೆ: ಆಕಿಗೇನು ಗೊತ್ತೈತ್ರಿ, ದಡ್ಡಿ ಅದಾಳ, ಆಕಿದು ಅಂತ ಏನೂ ಇಲ್ಲ.

ಕಮಿಟಿಯವರು ನಕ್ಕರು. ಒಬ್ಬರು, "ಹೆತ್ತ ತಾಯಿಯೇ ಹೇಳ್ತಿದಾರಲ್ಲಮ್ಮಾ," ಅಂದರು.

ದೃಷ್ಟಿ ತಪ್ಪಿಸಿದೆ ಎಂದು ಬರೆದಿದ್ದೆ. ತಪ್ಪಿತು ಅವ್ವಾ. ಈಗ ನನ್ನ ಕಡೆ ಯಾರೂ ನೋಡುವುದೇ ಇಲ್ಲ.

ಶಿರೀಷಾ


ಕರೇದೊಡ್ಡಿ
22 ಏಪ್ರಿಲ್ 2024

ಮಗಳು ಶಿರೀಷಾಳಿಗೆ,

ಯುಗಾದಿಗೆ ನೀನು ಬರಲಿಲ್ಲ. ನಾನೂ ಬರೆಯಲಿಲ್ಲ. ಬೇವು ಒಂದನ್ನೇ ತಿಂದೆ ಅಂದುಕೋ.

ನಿನ್ನ ಕಾಗದವನ್ನು ದಸ್ತಗಿರಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ, ಹತ್ತಿ ಹಿಂಜುವ ಬಿಲ್ಲಿಗೆ ಹೊಡೆದಳು ನೋಡು, ಆ ದಿನ ಓಣಿಯ ಯಾರ ಮನೆಯಲ್ಲೂ ಮಾತು ಕೇಳಿಸಲಿಲ್ಲ. ಸಿಟ್ಟು ಬಂದರೆ ಅವಳದು ಹಾಗೆ. ನನ್ನದು ಬೇರೆ ಥರ. ನಾನು ಬಸ್ಸು ಹತ್ತಿ ಆದೋನಿಗೆ ಹೋದೆ.

ಸೀದಾ ಹಾಲಸ್ವಾಮಿ ಸಾವುಕಾರರ ಮಿಲ್ಲು. "ಸಾವ್ಕಾರ್ರೆ, ನಿಮ್ಮ ಫೋನಿಂದ ಆ ಸಾರಿಗೆ ಹಚ್ಚಿಕೊಡ್ರಿ," ಅಂದೆ. ಅವರು ಒಳ್ಳೆಯವರು, ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಸಾರ್, ನಾನು ಅಂದು ಹೇಳಿದ್ದು ದೃಷ್ಟಿ ಆಗಬಾರ್ದಂತ ಹೇಳಿದ ಮಾತು. ಖರೇ ಮಾತಲ್ಲ. ನನ್ನ ಮಗಳು ದಡ್ಡಿ ಅಲ್ಲ. ಅದು ಆಕಿದೇ ಕೆಲಸ. ಕುಂಕುಡಿನಿಂದ ಆಗಿಲ್ಲಂತ, ಆಕಿ ಬರದಾಳ. ನನಗ ಉಣ್ಣಿ ತೊಳಿಯೋದು ಬಿಟ್ರ ಏನೂ ತಿಳಿಯಂಗಿಲ್ಲ."

ಆ ಕಡೆಯಿಂದ ನಗೆ. "ಅಮ್ಮಾ, ನಿಮ್ಮ ಮಮತೆ ನನಗೆ ಅರ್ಥ ಆಗುತ್ತೆ. ಹೆತ್ತವರು ಮಕ್ಕಳನ್ನ ಹೊಗಳೋದು ಸಹಜ. ಅದನ್ನೆಲ್ಲ ಸಾಕ್ಷಿ ಅಂತ ತಗೊಳ್ಳೋಕಾಗಲ್ಲ."

ನಾನು ಹೇಳಿದ್ದು ಎರಡು ಮಾತು. ಬಾಯಿ ಒಂದೇ. ಬೈದರೆ ಅದು ಸಾಕ್ಷಿ, ಹೊಗಳಿದರೆ ಅದು ಮಮತೆ! ಇದು ಯಾವ ಊರಿನ ನ್ಯಾಯ? ನಮ್ಮ ಕಟ್ಟೆಯ ಪಂಚಾಯಿತಿಯಲ್ಲಿ ಕುಡಿದು ಕೂತವನೂ ಇಂಥ ತೀರ್ಪು ಕೊಡುವುದಿಲ್ಲ. ಹಳ್ಳಿಯ ಹೆಂಗಸಿಗೆ ಎಲ್ಲ ತಿಳಿದಿದೆ ಎಂದು ಊರೂರು ಸಾರುತ್ತಾರೆ, ಅದೇ ಹೆಂಗಸು ಒಂದು ಮಾತು ಹೇಳಿದರೆ ಕೇಳುವುದಿಲ್ಲ! ಅವರಿಗೆ ಬೇಕಾದದ್ದು ನನ್ನ ತಿಳಿವಳಿಕೆಯಲ್ಲ, ನನ್ನ ನೊರೆ.

ಇನ್ನೂ ಏನೇನೋ ಅನ್ನುತ್ತಿದ್ದೆ. ಸಾವುಕಾರರು ನನ್ನನ್ನು ಕೂರಿಸಿ ನೀರು ಕೊಟ್ಟರು. "ಉಚ್ಚಮ್ಮಾ, ಸಭೆಗೆ ಮಂದೀನ ಕರದುಬಿಟ್ಟೇನಿ, ಈಗ ಏನು ಮಾಡ್ಲಿ?" ಎಂದು ತಲೆ ಕೆರೆದುಕೊಂಡರು. ನಾನು ಬರುತ್ತೇನೆ ಅಂದಿದ್ದೇನೆ.

ನಿನ್ನ ಅವ್ವ


ಹೈದರಾಬಾದ್
6 ಮೇ 2024

ಅವ್ವನಿಗೆ,

ಬೇಡ. ಆ ಸಭೆಗೆ ಹೋಗಬೇಡ. ನೀನು ವೇದಿಕೆ ಹತ್ತಿದರೆ ಇನ್ನೊಂದು ಫೋಟೋ ಆಗುತ್ತದೆ, ಅಷ್ಟೇ.

ಲೇಖನ ಅಚ್ಚಾಗುವ ಮೊದಲು ನನ್ನಿಂದ ಒಂದು ಸಹಿ ಬೇಕಂತೆ, ಹೆಸರಿಲ್ಲದಿದ್ದರೆ ತಕರಾರಿಲ್ಲ ಎಂದು. ಕೊಡಲಿಲ್ಲ. ಅಂದಿನಿಂದ ಯಂತ್ರದ ಕೋಣೆಯ ಕೀಲಿ ನನ್ನ ಕೈಗೆ ಬರುತ್ತಿಲ್ಲ. ಬೆಳಿಗ್ಗೆ ಹೋಗುತ್ತೇನೆ, ಬಾಗಿಲ ಮುಂದೆ ಕೂರುತ್ತೇನೆ, ಸಂಜೆ ಬರುತ್ತೇನೆ. ಜೊತೆಯ ಅಶ್ವಿನಿ ಒಬ್ಬಳೇ ಊಟಕ್ಕೆ ಕರೆಯುತ್ತಾಳೆ. ಉಳಿದವರು ಗೋಡೆಯ ಕಡೆ ನೋಡಿಕೊಂಡು ಹೋಗುತ್ತಾರೆ. ಸಾರ್ ಸಹಿ ಮಾಡದೆ ನನಗೆ ಡಿಗ್ರಿ ಇಲ್ಲ. ನಾನು ಸಹಿ ಮಾಡಿದರೆ ಆ ಡಿಗ್ರಿಯಲ್ಲಿ ನನ್ನದು ಏನೂ ಇಲ್ಲ.

ಮಳೆ ಬಿದ್ದ ಮೇಲೆ ಊರಿಗೆ ಬರುತ್ತೇನೆ. ಕುರಿ ಕಾಯುವುದರಲ್ಲಿ ಯಾರೂ ನನ್ನ ಹೆಸರು ಅಳಿಸಲಾರರು.

ಶಿರೀಷಾ


ಕರೇದೊಡ್ಡಿ
19 ಜೂನ್ 2024

ಮಗಳು ಶಿರೀಷಾಳಿಗೆ ಅವ್ವ ಉಚ್ಚಮ್ಮನ ಆಶೀರ್ವಾದ.

ಬೇಡ ಅಂದೆ, ಹೋದೆ. ಇದನ್ನು ನಿಂತು ಓದಬೇಡ, ಕೂತು ಓದು.

ಆದೋನಿಯ ಕಲ್ಯಾಣ ಮಂಟಪ. ಹತ್ತಿ ವ್ಯಾಪಾರಿಗಳು, ಎಮ್ಮಿಗನೂರಿನ ನೇಕಾರರು, ಕಾಲೇಜಿನ ಹುಡುಗಿಯರು, ಎಲ್ಲ ಸೇರಿ ಕಾಲಿಡಲು ಜಾಗವಿಲ್ಲ. ದಸ್ತಗಿರಮ್ಮ ಮುಂದಿನ ಸಾಲಿನಲ್ಲೇ ಕೂತಳು. ಎಬ್ಬಿಸಲು ಬಂದವನಿಗೆ, "ಸೈಂಟಿಸ್ಟಮ್ಮನ ಅಸಿಸ್ಟೆಂಟ್ ಅದೀನಿ, ಹೋಗೋ ಆ ಕಡೆ," ಅಂದಳು. ವೇದಿಕೆಯ ಮೇಲೆ ನಾನು, ಸಾವುಕಾರರು, ನಿನ್ನ ಸಾರ್. ಮೇಜಿನ ಮೇಲೆ ಹಿತ್ತಾಳೆ ಬೋಗುಣಿ, ಅದರಲ್ಲಿ ಅಂಟುವಾಳ. ಪಕ್ಕದಲ್ಲಿ ಬಿರಡೆ ಹಾಕಿದ ಗಾಜಿನ ಬಾಟಲಿ, ಒಳಗೆ ಕಾಡಿಗೆಯಂಥ ಮಸಿನೀರು. ನಿನ್ನ ಬಾಟಲಿ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಸಾರ್ ಕಪ್ಪು ನೂಲಿನ ಎರಡು ತುದಿಗೆ ಬ್ಯಾಟರಿ, ಬಲ್ಬು ಸಿಕ್ಕಿಸಿದರು. ಸಣ್ಣ ಬಲ್ಬು ಹೊತ್ತಿತು. ಜನ ಚಪ್ಪಾಳೆ. ಆಮೇಲೆ ನನಗೆ ಶಾಲು. "ಈಗ ಅಮ್ಮನವರು ಅಂಟುವಾಳದ ನೀರಿಗೆ ಈ ಮಸಿ ಬೆರೆಸಿ ತೋರಿಸ್ತಾರೆ," ಎಂದು ಬಾಟಲಿಯನ್ನು ನನ್ನ ಕೈಗಿಟ್ಟರು. ಕ್ಯಾಮೆರಾದವನು, "ನುರುಗು, ನುರುಗು," ಎಂದು ಸನ್ನೆ ಮಾಡುತ್ತಿದ್ದ.

ನಾನು ಬಾಟಲಿಯನ್ನು ಅಲ್ಲೇ ಇಟ್ಟೆ. ಮೈಕು ತೆಗೆದುಕೊಂಡೆ.

"ಸಾರ್, ಇದು ಆಗ್ಲೇ ಬೆರಸಿದ್ದೈತಿ. ಹಸಿ ಪುಡಿ ಕೊಡ್ರಿ, ನಾನು ಬೆರಸ್ತೀನಿ."

"ಪುಡಿ ಹಂಗೆಲ್ಲ ಬಯಲಾಗ ಬಿಚ್ಚಬಾರದಮ್ಮಾ. ಶ್ವಾಸಕೋಶಕ್ಕೆ ಹೋದ್ರೆ ಕೆಟ್ಟದ್ದು. ಲ್ಯಾಬಿನಾಗೇ, ಮುಖಕ್ಕೆ ಕಟ್ಟಿಕೊಂಡೇ ಬಿಚ್ಚಬೇಕು."

"ಹೌದೇನ್ರಿ! ಹಂಗಾರ ಎರಡು ವರ್ಷ ಮುಖಕ್ಕ ಕಟಿಗೊಂಡು ಬಿಚ್ಚಿದಾಕಿ ಯಾರ್ರಿ? ನಾನಂತೂ ಅಲ್ಲ."

"ಅದು... ಲ್ಯಾಬಿನವರು."

"ಲ್ಯಾಬಿನವ್ರಿಗೆ ಹೆಸರಿಲ್ಲೇನ್ರಿ? ಉಣ್ಣಿ ತೊಳಿಯೋ ಉಚ್ಚಮ್ಮಂಗ ಐತಲ್ಲ!"

ಸಭೆ ನಕ್ಕಿತು. ಸಾರ್ ಸಹ ನಕ್ಕರು, ಇವಳು ತಮಾಷೆಯ ಹೆಂಗಸು ಎನ್ನುವ ಹಾಗೆ. "ಶಿರೀಷಾ ಅಂತ, ನಿಮ್ಮ ಮಗಳೇ ಬಿಚ್ಚುತ್ತಿದ್ದಳು," ಅಂದರು.

"ಬೆರಸಿದಾಕಿ?"

"ಅವಳೇ."

"ನೀವು ಬೆರಸಿ ನೋಡೀರೇನ್ರಿ, ಒಂದು ಸಲನಾದ್ರೂ?"

"ನಾನು ಗೈಡ್ ಅಮ್ಮಾ, ನಾನು ಬೆರೆಸಲ್ಲ, ದಾರಿ ತೋರಿಸ್ತೀನಿ."

"ಆತ್ರಿ. ಇದೊಂದು ಹೇಳಿಬಿಡ್ರಿ. ಈ ಬಾಟ್ಲ್ಯಾಗ ನನ್ನ ಕುಂಕುಡು ಐತೋ ಇಲ್ಲೋ?"

ಸಾರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅದೆಲ್ಲ ತಾಂತ್ರಿಕ ವಿಚಾರ, ಇಲ್ಲಿ ಬೇಡ," ಅಂದರು.

ಆಗ ಹಾಲಸ್ವಾಮಿ ಸಾವುಕಾರರು ಕುರ್ಚಿಯಿಂದ ಎದ್ದರು. ಅವರು ಹತ್ತಿಯವರು. ಹತ್ತಿಯ ಮೂಟೆ ಬಂದರೆ ಮೇಲಿನದನ್ನು ನೋಡುವುದಿಲ್ಲ, ಮೊಣಕೈತನಕ ತೂರಿಸಿ ನಡುವಿನ ಹತ್ತಿಯನ್ನು ಎಳೆದು ನೋಡುವ ಪೈಕಿ. "ಸಾರ್, ಈ ನೂಲು ಮಾಡಾಕ ನನ್ನ ಮಿಲ್ಲಿನಾಗ ಜಾಗ ಕೇಳೀರಿ. ಕುಂಕುಡಿಂದು ಅಂತ ಹೇಳಿ ಮಾರೋಣ ಅಂದೀರಿ. ನಾಳೆ ಯಾರಾದ್ರೂ ನಡುವಿಗೆ ಕೈ ಹಾಕಿ ಜಗ್ಗಿದ್ರ ಮಾನ ಹೋಗೋದು ನಂದು. ಐತೋ ಇಲ್ಲೋ, ಒಂದ ಮಾತು ಹೇಳ್ರಿ."

ಸಾರ್ ತಲೆ ತಗ್ಗಿಸಿ, "ಇದರಲ್ಲಿ ಇಲ್ಲ," ಅಂದರು.

ಮೈಕಿನಲ್ಲಿ ಅಂದರು. ಸಭೆಯಲ್ಲಿದ್ದ ಎಲ್ಲ ಹುಡುಗಿಯರ ಫೋನುಗಳೂ ಮೇಲಿದ್ದವು. ನನ್ನ ಮಾತು ಸಾಕ್ಷಿಯಲ್ಲವಂತೆ, ಬಿಡು. ಅವರ ಮಾತು ಸಾಕ್ಷಿಯಾಗುತ್ತದೋ ಇಲ್ಲವೋ ನೋಡೋಣ.

ಅಷ್ಟಕ್ಕೇ ಬಿಡಬಹುದಿತ್ತು. ದಸ್ತಗಿರಮ್ಮ ಕೈಸನ್ನೆ ಮಾಡಿ, ಬಾ, ಸಾಕು ಅಂದಳು. ಆದರೆ ಬಾಯಿಂದ ಕಳೆದದ್ದನ್ನು ಬಾಯಿಂದಲೇ ತುಂಬಬೇಕಲ್ಲ. ಇಡೀ ಆದೋನಿಯ ಕಣ್ಣು ನನ್ನ ಮೇಲೆ. ದೇವರೇ ನೀನೇ ಕಾಯಿ ಅಂದುಕೊಂಡು ಹೇಳಿದೆ:

"ಅಂದು ನಾನು ಸುಳ್ಳು ಹೇಳೇನಿ. ನನ್ನ ಮಗಳು ದಡ್ಡಿ ಅಲ್ಲ. ನನ್ನ ಮಗಳಷ್ಟು ಶಾಣ್ಯಾಕಿ ನಮ್ಮ ವಂಶದಾಗ ಹುಟ್ಟಿಲ್ಲ, ನಮ್ಮ ಮಂಡಲದಾಗ ಹುಟ್ಟಿಲ್ಲ. ಈ ಮಸಿ ಆಕಿದು. ಬಿಡಿಸಿದಾಕಿ ಆಕಿ, ಗುಟುಕು ಗುಟುಕು ಹಾಕಿ ಕಾಯ್ದಾಕಿ ಆಕಿ. ನಾನು ಆಕೀನ ಹೆತ್ತೀನಿ, ಅಷ್ಟ. ಈ ಶಾಲು ಆಕಿಗೆ ಸಲ್ಲಬೇಕು, ಆಕಿ ಹೆಸರು ಆ ಬರವಣಿಗ್ಯಾಗ ಮೊದಲು ಬರಬೇಕು!"

ಹೆಂಗಸರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಹಿಂದಿನ ಸಾಲಿನ ಮುದುಕಿಯೊಬ್ಬಳು, "ಯವ್ವಾ, ಹೊಟ್ಟೀಲೆ ಹುಟ್ಟಿದ್ದನ್ನ ಹಿಂಗ ಹೊಗಳ್ತಾರೇನ?" ಎಂದು ಗಟ್ಟಿಯಾಗಿಯೇ ಅಂದಳು. ನಾನೂ ಹಾಗೇ ಅನ್ನುತ್ತಿದ್ದೆ ಮಗಳೇ, ಅವಳ ಜಾಗದಲ್ಲಿದ್ದಿದ್ದರೆ.

ಮನೆಗೆ ಬಂದ ಕೂಡಲೇ ನಿನ್ನ ಹತ್ತನೇ ಕ್ಲಾಸಿನ ಫೋಟೋ ಇಳಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟು ಬರಲೇ ಇಲ್ಲ. ಓಣಿಯೆಲ್ಲ ಕೆಮ್ಮಬೇಕಿತ್ತು, ನನಗೊಂದು ಸೀನೂ ಬರಲಿಲ್ಲ. ಅಂದರೆ ಎಷ್ಟು ದೃಷ್ಟಿ ತಾಕಿರಬೇಕು! ಆ ಕುಂಟ ಟಗರನ್ನು ನೋಡಿದರೆ ಹೆದರಿಕೆಯಾಗುತ್ತದೆ. ಫೋಟೋದ ಕೆನ್ನೆಗೆ ದೀಪದ ಕಾಡಿಗೆ ಹಚ್ಚಿದ್ದೇನೆ. ನೀನೂ ಅಲ್ಲಿ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟುಕೋ. ನಗಬೇಡ. ನಿನ್ನ ಓದು ನಿನಗೆ, ನನ್ನ ಹೆದರಿಕೆ ನನಗೆ.

ಊರಿಗೆ ಬರುವುದಾದರೆ ನಾಲ್ಕು ದಿನಕ್ಕೆ ಬಾ. ಕುರಿ ಕಾಯಲು ನಿಮ್ಮಪ್ಪ ಇದ್ದಾನೆ.

ನಿನ್ನ ಅವ್ವ,
ಉಚ್ಚಮ್ಮ


ಹೈದರಾಬಾದ್
11 ಆಗಸ್ಟ್ 2024

ಅವ್ವನಿಗೆ ಶಿರೀಷಾಳ ನಮಸ್ಕಾರ.

ನಿನ್ನ ಕಾಗದ ಬರುವ ಮೊದಲೇ ನಿನ್ನ ವಿಡಿಯೋ ಬಂತು. ಅಶ್ವಿನಿ ಹಾಸ್ಟೆಲಿನ ಊಟದ ಮನೆಯಲ್ಲಿ ಎಲ್ಲರಿಗೂ ತೋರಿಸಿದಳು. ಗೋಡೆ ನೋಡಿಕೊಂಡು ಹೋಗುತ್ತಿದ್ದವರೆಲ್ಲ ಪಕ್ಕದಲ್ಲಿ ಬಂದು ಕೂತರು. ಅವರ ಮೇಲೂ ನನಗೆ ಸಿಟ್ಟಿದೆ, ಇರಲಿ.

ಕಮಿಟಿಯನ್ನು ಮತ್ತೆ ಕರೆಸಿದೆ. ಈ ಸಲ ಲ್ಯಾಪ್‌ಟಾಪ್ ತೆರೆದವಳು ನಾನು. "ಇದರಲ್ಲಿ ಇಲ್ಲ," ಎಂದು ಸಾರ್ ಹೇಳುವುದನ್ನು ಅವರ ಎದುರಿಗೇ ಹಾಕಿದೆ. ಹೆತ್ತ ತಾಯಿಯೇ ಹೇಳ್ತಿದಾರಲ್ಲ ಅಂದಿದ್ದವರು ಈಗ, "ಸಾರ್ ಅವರೇ ಹೇಳ್ತಿದಾರಲ್ಲ," ಅಂದರು. ಅದೇ ಮನುಷ್ಯ, ಅದೇ ಕುರ್ಚಿ. ನಾಚಿಕೆ ಎಂಬುದು ಅವರ ಮುಖದ ಹತ್ತಿರವೂ ಸುಳಿಯಲಿಲ್ಲ. ನನ್ನ ಬಾಟಲಿ, ನನ್ನ ದಾಖಲೆ ಆಗಲೂ ಅವರ ಮುಂದೆಯೇ ಇದ್ದವು. ಅವುಗಳನ್ನು ಯಾರೂ ತೆರೆದು ನೋಡಲಿಲ್ಲ, ಇವತ್ತಿನವರೆಗೂ ನೋಡಿಲ್ಲ. ಗೆದ್ದೆ, ಆದರೆ ಆ ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ.

ಲೇಖನ ತಿದ್ದುಪಡಿಗೆ ವಾಪಸು ಬಂದಿದೆ. ಅಂಟುವಾಳದ ಸಾಲುಗಳನ್ನು ತೆಗೆದಿದ್ದಾರೆ. ಮೊದಲ ಹೆಸರು ಶಿರೀಷಾ. ಸಾರ್ ಹೆಸರು ಕೊನೆಗೆ ಇದೆ, ಅದು ಗೈಡಿನ ಜಾಗ, ನನ್ನ ತಕರಾರಿಲ್ಲ. ನನಗೆ ಬೇರೆ ಗೈಡನ್ನು ಕೊಟ್ಟಿದ್ದಾರೆ. ಸಾರಿಗೆ ಹಾಕಿದ ಹಾರಗಳನ್ನು ಯಾರೂ ವಾಪಸು ಕೇಳಿಲ್ಲ. ಎದುರು ಸಿಕ್ಕರೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಯಂತ್ರದ ಕೋಣೆಯ ಕೀಲಿ ನನ್ನ ಕೈಯಲ್ಲಿದೆ.

ಕಿವಿಯ ಹಿಂದೆ ಬೊಟ್ಟು ಇಟ್ಟುಕೊಂಡಿದ್ದೇನೆ. ನಗಲಿಲ್ಲ.

ಈ ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದು ಕಪ್ಪು ಬೊಟ್ಟಿದೆ ನೋಡು. ಗಾಜಿನ ಕಡ್ಡಿಯಿಂದ ಇಟ್ಟು, ಒಣಗಿಸಿ, ಮೇಲೆ ಟೇಪು ಅಂಟಿಸಿದ್ದೇನೆ. ಕಿತ್ತು ಮುಟ್ಟಬೇಡ. ಅದು ದೀಪಾವಳಿಯ ಬಾಟಲಿಯದು. ದೃಷ್ಟಿಗೆ ಅಂತಲೇ ಇಟ್ಟೆ, ನಮ್ಮಿಬ್ಬರಿಗೂ ಸೇರಿ. ನಿನಗೆ ತೋರಿಸಲು ನನ್ನ ಹತ್ತಿರ ಇರುವುದೂ ಅಷ್ಟೇ. ಅಂಗಳಕ್ಕೆ ಹೋಗಿ ಸೂರ್ಯನಿಗೆ ಹಿಡಿದು ನೋಡು. ಎಲ್ಲ ಕಡೆ ಒಂದೇ ಸಮ ಕಪ್ಪಿರಬೇಕು, ಎಲ್ಲೂ ಗಂಟಿರಬಾರದು.

ಚೆನ್ನಾಗಿದೆ ಎಂದು ಬರೆಯಬೇಡ. ಒಂದೇ ಒಂದು ಕಾಳು ಕಂಡರೂ ಬೈದು ಬರೆ. ನಿನ್ನ ಕಾಗದ ಬಾರದಿದ್ದರೆ ಕಾಳು ಕಾಣಲಿಲ್ಲವೆಂದು ತಿಳಿಯುತ್ತೇನೆ.

ನಿನ್ನ ಮಗಳು,
ಶಿರೀಷಾ